ಕೆನ್ನೆಗೆ ಹೊಡೆದವನನ್ನು ಯೇಸು ಪ್ರಶ್ನೆ ಕೇಳಿದನು

ವಾಕ್ಯಭಾಗ: ಯೋಹಾನ 18:19-23, ಅಪೊಸ್ತಲರ ಕೃತ್ಯಗಳು 16:35-40

ಇವತ್ತು ಯೌವನಸ್ಥರ ಕೂಟ, ಹಾಗಾಗಿ ಕೆಲಸದ ಜಾಗದ ಒಂದು ವಿಷಯ ಧ್ಯಾನ ಮಾಡೋಣ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದಿಂದ ನಿಮ್ಮಲ್ಲಿ ಎಷ್ಟೋ ಜನ ವಸಂತನರಸಾಪುರದ ಫ್ಯಾಕ್ಟರಿಗಳಿಗೆ, ತುಮಕೂರಿಗೆ, ಬೆಂಗಳೂರಿಗೆ ದುಡಿಯೋಕೆ ಹೋಗ್ತೀರಿ. ನಮ್ಮ ಕಡೆ ಯಾರಿಗಾದರೂ ಕ್ಯಾನ್ಸರ್ ಅಂದರೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ ನೆನಪಾಗುತ್ತೆ. ಅವರು ಅಲ್ಲಿಗೆ ಹೋಗುವಾಗ ಸಭೆ ಉಪವಾಸ ಪ್ರಾರ್ಥನೆ ಮಾಡುತ್ತೆ. ವಾಪಸ್ ಬಂದಾಗ ಸಾಕ್ಷಿ ಹೇಳಿಸಿ ಚಪ್ಪಾಳೆ ತಟ್ಟುತ್ತೆ. ದೇವರಿಗೆ ಸ್ತೋತ್ರ! ಆದರೆ ಸೋಮವಾರ ಬೆಳಿಗ್ಗೆ ಆ ವ್ಯಕ್ತಿ ಕೆಲಸಕ್ಕೆ ಹೋದಾಗ ಏನಾಗುತ್ತೆ ಅಂತ ನಾವ್ಯಾರೂ ಕೇಳೋದಿಲ್ಲ.

ಒಬ್ಬ ಸಹೋದರಿ, ಹೆಸರು ಬೇಡ, ಅನುಮತಿ ಕೇಳಿಯೇ ಹೇಳ್ತಿದ್ದೀನಿ. ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿಸಿ ಕೆಲಸಕ್ಕೆ ಮರಳಿದರು. ತಲೆಕೂದಲು ಇನ್ನೂ ಬಂದಿರಲಿಲ್ಲ, ‘ಬೋಡಿ’ ಅಂತ ಹೆಸರಿಟ್ಟರು. ಊಟಕ್ಕೆ ಕೂತರೆ ಪಕ್ಕದವರು ಡಬ್ಬಿ ಎತ್ತಿಕೊಂಡು ದೂರ ಹೋದರು. ಕಂಕುಳಿನ ಗ್ರಂಥಿ ತೆಗೆದ ಮೇಲೆ ಆ ಕೈ ಊದಿಕೊಳ್ಳಬಹುದು, ಭಾರ ಎತ್ತಬೇಡಿ ಅಂತ ಡಾಕ್ಟರ್ ಹೇಳಿದ್ದರು. ಮೇಲ್ವಿಚಾರಕರು ಬೇಕಂತಲೇ ಬಂಡಲ್ ಹೊರೋ ಕೆಲಸಕ್ಕೆ ಹಾಕಿದರು. ಆಕೆ ನನ್ನನ್ನು ಕೇಳಿದ್ದು ಒಂದೇ: “ಪಾಸ್ಟರ್, ನಾನು ದೂರು ಕೊಟ್ಟರೆ ನನ್ನ ಸಾಕ್ಷಿ ಕೆಟ್ಟುಹೋಗುತ್ತಾ?”

ಈ ಪ್ರಶ್ನೆಗೆ ವಾಕ್ಯ ಏನು ಹೇಳುತ್ತೆ ನೋಡೋಣ.

ಮೊದಲನೆಯದು, ಸೇಡು ಬೇರೆ, ಪ್ರಶ್ನೆ ಬೇರೆ. ಮತ್ತಾಯ 5:39ರಲ್ಲಿ ಮತ್ತೊಂದು ಕೆನ್ನೆ ತೋರಿಸಬೇಕೆಂದು ಕಲಿಸಿದ್ದು ಯೇಸುವೇ. ಅದೇ ಯೇಸುವಿಗೆ ಮಹಾಯಾಜಕನ ಮುಂದೆ ಒಬ್ಬ ಓಲೇಕಾರ ಹೊಡೆದಾಗ ಏನಾಯಿತು? ಕರ್ತನು ತಿರುಗಿ ಹೊಡೀಲಿಲ್ಲ, ಶಪಿಸಲಿಲ್ಲ. ಹಾಗಂತ ಬಾಯಿ ಮುಚ್ಚಿಕೊಂಡೂ ನಿಲ್ಲಲಿಲ್ಲ. ತಾನು ತಪ್ಪು ಮಾತಾಡಿದ್ದರೆ ಆ ತಪ್ಪನ್ನು ತೋರಿಸು, ಇಲ್ಲದಿದ್ದರೆ ಯಾಕೆ ಹೊಡೆದೆ ಅಂತ ಕೇಳಿದನು. ನಿಮ್ಮ ಮನಸ್ಸಿನಲ್ಲಿ ದ್ವೇಷ ಇಲ್ಲದೆ “ಇದು ಸರಿಯಲ್ಲ” ಅಂತ ಹೇಳಿದರೆ ಅದು ಪಾಪ ಅಲ್ಲ, ಕ್ರಿಸ್ತನ ಮಾದರಿ.

ಎರಡನೆಯದು, ಹಕ್ಕು ಕೇಳೋದು ಅವಿಶ್ವಾಸ ಅಲ್ಲ. ಫಿಲಿಪ್ಪಿಯಲ್ಲಿ ಪೌಲ ಸೀಲರನ್ನು ವಿಚಾರಣೆ ಇಲ್ಲದೆ ಹೊಡೆದು ಸೆರೆಗೆ ಹಾಕಿದರು. ಮಧ್ಯರಾತ್ರಿಯ ಸ್ತುತಿ, ಭೂಕಂಪ, ಎಲ್ಲ ನಮಗೆ ಬಾಯಿಪಾಠ. ಬೆಳಿಗ್ಗೆ ನಡೆದದ್ದನ್ನು ಮಾತ್ರ ನಾವು ಓದೋದು ಕಡಿಮೆ. ಅಧಿಕಾರಿಗಳು ಗುಟ್ಟಾಗಿ ಕಳಿಸಿಬಿಡೋಕೆ ನೋಡಿದರು. ಪೌಲ ಒಪ್ಪಲಿಲ್ಲ. ತಾವು ರೋಮ್ ಪ್ರಜೆಗಳೆಂದು ಹೇಳಿ, ಹೊಡೆಸಿದವರೇ ಬಂದು ಕರಕೊಂಡು ಹೋಗಲಿ ಅಂದ. ರಾತ್ರಿ ಹಾಡಿದ ಬಾಯಿಯೇ ಬೆಳಿಗ್ಗೆ ಕಾನೂನು ಹೇಳಿತು. ಆ ಊರಲ್ಲಿ ಲುದ್ಯಳ ಮನೆಯಲ್ಲಿ ಹೊಸ ವಿಶ್ವಾಸಿಗಳಿದ್ದರು. ನಾಳೆ ಅವರ ಮೇಲೆ ಯಾರೂ ಸುಮ್ಮಸುಮ್ಮನೆ ಕೈಮಾಡಬಾರದು ಅಂತ ಪೌಲ ಯೋಚಿಸಿರಬೇಕು ಅಂತ ನನಗೆ ಅನಿಸುತ್ತೆ. ನೀವು ಮಾತಾಡಿದರೆ ನಿಮ್ಮ ಹಿಂದೆ ಬರೋ ಇನ್ನೊಬ್ಬ ರೋಗಿಗೂ ದಾರಿ ಆಗುತ್ತೆ.

ಹಾಗಾದರೆ ಹೇಗೆ ಮಾಡ್ಬೇಕು? ಮತ್ತಾಯ 18ರಲ್ಲಿ ಕರ್ತನು ಸಭೆಗೆ ಕೊಟ್ಟ ಕ್ರಮ ಇಲ್ಲಿಯೂ ಉಪಯೋಗಕ್ಕೆ ಬರುತ್ತೆ. ಮೊದಲು ಒಬ್ಬರೇ ಹೋಗಿ ಶಾಂತವಾಗಿ ಮಾತಾಡಿ. ಕೇಳದಿದ್ದರೆ ಸಾಕ್ಷಿಗಳ ಜೊತೆ ಹೋಗಿ. ಆಮೇಲೆ ಮೇಲಿನವರಿಗೆ, ಬರವಣಿಗೆಯಲ್ಲಿ. ತಾರೀಖು, ಆಡಿದ ಮಾತು, ಅಲ್ಲಿದ್ದವರು, ಎಲ್ಲ ಅವತ್ತವತ್ತೇ ಬರೆದಿಡಿ. ಯಾವ ಕೆಲಸ ಮಾಡಬಹುದು, ಯಾವುದು ಬೇಡ ಅಂತ ಡಾಕ್ಟರ ಹತ್ತಿರ ಪತ್ರ ತಗೊಳ್ಳಿ. ಶಸ್ತ್ರಚಿಕಿತ್ಸೆ ಆದ ಎದೆಯ ಬಗ್ಗೆ ಅಶ್ಲೀಲವಾಗಿ ಮಾತಾಡಿದರೆ ಅದು ತಮಾಷೆ ಅಲ್ಲ, ಲೈಂಗಿಕ ಕಿರುಕುಳ. 2013ರ ಕಾನೂನಿನಂತೆ 10 ಅಥವಾ ಹೆಚ್ಚು ಜನ ಇರುವ ಕಡೆ ಆಂತರಿಕ ಸಮಿತಿ ಇರಲೇಬೇಕು, 3 ತಿಂಗಳೊಳಗೆ ದೂರು ಬರೆದುಕೊಡಬೇಕು. ಒತ್ತಾಯಕ್ಕೆ ರಾಜೀನಾಮೆ ಪತ್ರಕ್ಕೆ ಸಹಿ ಹಾಕಬೇಡಿ.

ಇನ್ನೊಂದು ಮಾತು. ದುಡ್ಡಿಲ್ಲ ಅಂತ ಸುಸ್ತಿನಲ್ಲೇ ಬೇಗ ಕೆಲಸಕ್ಕೆ ಓಡೋರು ಇದ್ದಾರೆ. ಇಎಸ್‌ಐನಲ್ಲಿ ಸಾಮಾನ್ಯ ಕಾಯಿಲೆ ಭತ್ಯೆ ವರ್ಷಕ್ಕೆ 91 ದಿನ, ಸಂಬಳದ ಶೇ 70. ಕ್ಯಾನ್ಸರಿನಂಥ ದೀರ್ಘ ಕಾಯಿಲೆಗೆ, ಸೇವಾವಧಿ ಮತ್ತು ವಂತಿಗೆಯ ನಿಯಮ ಪೂರೈಸಿದವರಿಗೆ, ಶೇ 80ರಂತೆ 2 ವರ್ಷದವರೆಗೂ ಸಿಗಬಹುದು. ಹೋಗಿ ವಿಚಾರಿಸಿ.

ಮೂರನೆಯದು ಸಭೆಗೆ. ಕಿರುಕುಳ ಫ್ಯಾಕ್ಟರಿಯಲ್ಲಿ ಮಾತ್ರ ಇಲ್ಲ. “ಸ್ವಸ್ಥತೆ ಆಗಿದೆಯಲ್ಲ, ಇನ್ನೂ ಮಾತ್ರೆ ಯಾಕೆ? ವಿಶ್ವಾಸ ಕಡಿಮೆಯಾ?” ಅಂತ ನಾವೇ ಕೇಳ್ತೀವಿ. 2 ಅರಸುಗಳು 20 ಓದಿ. ಹಿಜ್ಕೀಯನ ಆಯುಸ್ಸಿಗೆ ದೇವರು 15 ವರ್ಷ ಕೂಡಿಸಿದನು. ಆ ವಾಗ್ದಾನ ತಂದ ಯೆಶಾಯನೇ ಅಂಜೂರದ ಹಣ್ಣಿನ ಮುದ್ದೆ ತರಿಸಿ ಹುಣ್ಣಿನ ಮೇಲೆ ಹಚ್ಚಿಸಿದ. ವಾಗ್ದಾನವೂ ಇತ್ತು, ಔಷಧಿಯೂ ಇತ್ತು. ಮಾತ್ರೆ ತಗೊಳ್ಳೋರನ್ನು ಚುಚ್ಚಬೇಡಿ. ಯೋಬನ ಸ್ನೇಹಿತರು ಏಳು ದಿನ ಸುಮ್ಮನೆ ಕೂತಿದ್ದಾಗ ಚೆನ್ನಾಗಿಯೇ ಇದ್ದರು, ಬಾಯಿ ತೆರೆದ ಮೇಲೆ ಕೆಟ್ಟರು.

ಎಲ್ಲ ಮಾಡಿದರೂ ಅಲ್ಲಿ ಬಾಗಿಲು ತೆರೀದೇ ಇರಬಹುದು. ಆಗ ಬೇರೆ ಕೆಲಸ ಹುಡುಕಿದರೆ ಅದು ಸೋಲಲ್ಲ. ಒಂದು ಊರಲ್ಲಿ ಹಿಂಸಿಸಿದರೆ ಇನ್ನೊಂದಕ್ಕೆ ಹೋಗಲು ಕರ್ತನೇ ಶಿಷ್ಯರಿಗೆ ಹೇಳಿದ್ದಾನೆ, ಮತ್ತಾಯ 10:23. ಎಲ್ಲಿದ್ದರೂ ಹಿಂಸಿಸಿದವರಿಗಾಗಿ ಪ್ರಾರ್ಥಿಸೋದನ್ನ ಬಿಡಬೇಡಿ. ಕಹಿ ಉಳಿದರೆ ಅದೂ ಒಂದು ಗಡ್ಡೆ.

ಯೌವನಸ್ಥರೇ, ಈ ವಾರ ನಿಮಗೊಂದು ಕೆಲಸ. ಕ್ಯಾನ್ಸರ್ ಅಂಟುರೋಗ ಅಲ್ಲ. ನಿಮ್ಮ ಆಫೀಸಿನಲ್ಲಿ, ಲೈನಿನಲ್ಲಿ ಚಿಕಿತ್ಸೆ ಮುಗಿಸಿ ಬಂದವರು ಒಬ್ಬರೇ ಊಟಕ್ಕೆ ಕೂತಿದ್ದರೆ, ಹೋಗಿ ಪಕ್ಕದಲ್ಲಿ ಕೂತು ನಿಮ್ಮ ಡಬ್ಬಿ ತೆಗೀರಿ. ಯಾರೂ ಮುಟ್ಟದ ಕುಷ್ಠರೋಗಿಯನ್ನು ಯೇಸು ಕೈಚಾಚಿ ಮುಟ್ಟಿದನು. ಅವರ ಬಗ್ಗೆ ಯಾರಾದರೂ ನಗಾಡಿದರೆ ನೀವು ನಗಬೇಡಿ, “ಬೇಡ ಗುರು, ಬಿಡು” ಅನ್ನಿ. ಸಾಕ್ಷಿಗೆ ನಿಲ್ಲಬೇಕಾಗಿ ಬಂದರೆ ನಿಲ್ಲಿ.

ಪ್ರಾರ್ಥನೆ ಮಾಡೋಣ. ಕರ್ತನೇ, ನೀನು ಪೆಟ್ಟು ತಿಂದವನು, ಅವಮಾನ ಬಲ್ಲವನು. ಆಸ್ಪತ್ರೆಯಿಂದ ಎದ್ದು ಬಂದ ನಿನ್ನ ಮಕ್ಕಳಿಗೆ ಶರೀರದಲ್ಲಿ ಬಲ ಕೊಡು, ದ್ವೇಷವಿಲ್ಲದೆ ಸತ್ಯ ಮಾತಾಡುವ ಬಾಯಿ ಕೊಡು. ನಮ್ಮನ್ನು ಅವರ ಪಕ್ಕ ನಿಲ್ಲಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.