ದುಡ್ಡು ಎಣಿಸುವ ಮುಂಚೆ ಸೀರಿಯಲ್ ನಂಬರ್ ನೋಡು

ಪುಟ್ಟೀ,

ಫೋಟೊ ಸ್ಟುಡಿಯೊಗೆ 4 ಟಿಬಿಯ ಎರಡು ಹಾರ್ಡ್ ಡಿಸ್ಕ್ ಬೇಕು, ಓಇಎಂ ಆದರೆ ಅಗ್ಗಕ್ಕೆ ಕೊಡ್ತಾರಂತೆ, ತಗೊಳ್ಳಲಾ ದೊಡ್ಡಪ್ಪ ಅಂತ ಕೇಳಿದೆಯಲ್ಲ. ಫೋನಿನಲ್ಲಿ ಅರ್ಧ ಮಾತ್ರ ಹೇಳಲು ಆಯಿತು. ಎಸ್‌ಪಿ ರಸ್ತೆಯ ಓಣಿಯಲ್ಲಿ ಇಪ್ಪತ್ತು ವರ್ಷ ಕಂಪ್ಯೂಟರ್ ರಿಪೇರಿ ಮಾಡಿದವನು ನಾನು. ಇದೊಂದು ವಿಷಯಕ್ಕೆ ಎಷ್ಟೋ ಜನ ನನ್ನ ಮೇಜಿನ ಮುಂದೆ ಕಣ್ಣೊರೆಸಿಕೊಂಡಿದ್ದನ್ನು ಕಂಡಿದ್ದೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಓಇಎಂ ಡಿಸ್ಕ್, ರೀಟೇಲ್ ಡಿಸ್ಕ್ ಎರಡೂ ಸಾಮಾನ್ಯವಾಗಿ ಒಂದೇ. ಅದೇ ಕಾರ್ಖಾನೆ, ಅದೇ ತಟ್ಟೆ, ಅದೇ ಮೋಟಾರು. ಬೇರೆ ಇರುವುದು ಮಾರಾಟದ ಕರಾರು. ರೀಟೇಲ್ ಡಿಸ್ಕಿಗೆ ತಯಾರಕರೇ ನೇರವಾಗಿ ನಿನಗೆ ಹೊಣೆ. ಓಇಎಂ ಡಿಸ್ಕನ್ನು ಅವರು ಡೆಲ್, ಎಚ್‌ಪಿ, ಲೆನೊವೊದಂಥ ಕಂಪನಿಗಳಿಗೆ ಸಗಟಾಗಿ ಮಾರಿರುತ್ತಾರೆ. ಆಗ ಹೊಣೆ ಆ ಕಂಪ್ಯೂಟರ್ ಕಂಪನಿಯದು, ಅದೂ ತಾನು ಮಾರಿದ ಕಂಪ್ಯೂಟರಿನ ಭಾಗವಾಗಿ ಮಾತ್ರ. ಅಲ್ಲಿಂದ ಕಳಚಿಯೋ ಮಿಕ್ಕಿಯೋ ಅಂಗಡಿಗೆ ಬಂತೆಂದರೆ ಅದು ವಾರಸುದಾರರಿಲ್ಲದ ಮಾಲು. 'ಒಂದು ವರ್ಷ ವಾರಂಟಿ ಮೇಡಂ' ಅನ್ನುವುದು ಅಂಗಡಿಯವನ ಬಾಯಿಮಾತು, ಅವನ ಅಂಗಡಿ ಇರುವ ತನಕ.

ಹಾಗಂತ ಡಬ್ಬಿ ಇಲ್ಲದ್ದೆಲ್ಲ ಓಇಎಂ ಅಂದುಕೊಳ್ಳಬೇಡ. ಕಂಪ್ಯೂಟರಿನ ಒಳಗೆ ಕೂರುವ ಡಿಸ್ಕುಗಳು ಸಾಮಾನ್ಯವಾಗಿ ಬೆಳ್ಳಿ ಬಣ್ಣದ ಕವರಿನಲ್ಲೇ ಬರುತ್ತವೆ. ಸರಿಯಾದ ವಿತರಕರಿಂದ ಬಂದಿದ್ದರೆ ಅವಕ್ಕೂ ಪೂರ್ತಿ ವಾರಂಟಿ ಉಂಟು. ಕಣ್ಣಳತೆಯಲ್ಲಿ ಗೊತ್ತಾಗುವ ಮಾತಲ್ಲ ಇದು.

ಒಮ್ಮೆ ಒಬ್ಬ ಹುಡುಗ ಟಕ್ ಟಕ್ ಅನ್ನುವ ಡಿಸ್ಕ್ ಹಿಡಿದುಕೊಂಡು ಬಂದ. ಕೊಂಡು ಏಳು ತಿಂಗಳು. ಲೇಬಲ್ಲಿನ ಸೀರಿಯಲ್ ನಂಬರನ್ನು ತಯಾರಕರ ವೆಬ್‌ಸೈಟಿನ ವಾರಂಟಿ ಪುಟದಲ್ಲಿ ಹಾಕಿದೆ. ಇದು ಕಂಪ್ಯೂಟರ್ ತಯಾರಕರಿಗೆ ಮಾರಿದ ಡಿಸ್ಕ್, ಕೊಂಡಲ್ಲೇ ವಿಚಾರಿಸಿ ಅಂತ ಬಂತು. ಕೊಂಡ ಅಂಗಡಿಗೆ ಬೀಗ ಬಿದ್ದು ಎರಡು ತಿಂಗಳಾಗಿತ್ತು. ಅವನು ಆ ಪರದೆಯನ್ನೇ ನೋಡುತ್ತ ನಿಂತಿದ್ದು ನನಗಿನ್ನೂ ಮರೆತಿಲ್ಲ. ಕೊಳ್ಳುವ ದಿನ ಎರಡು ನಿಮಿಷ ಕೊಟ್ಟಿದ್ದರೆ ಅದೇ ಸಾಲು ಅವನನ್ನು ಕಾಪಾಡುತ್ತಿತ್ತು.

ವರ್ಷಗಳನ್ನೂ ನೋಡು. ವೆಸ್ಟರ್ನ್ ಡಿಜಿಟಲ್‌ನ ಬ್ಲೂ ಡಿಸ್ಕಿಗೆ 2 ವರ್ಷ, ಬ್ಲ್ಯಾಕ್‌ಗೆ 5. ಸೀಗೇಟ್‌ನ ಬಾರಾಕುಡಾಗೆ 2, ಐರನ್‌ವುಲ್ಫ್‌ಗೆ 3, ಐರನ್‌ವುಲ್ಫ್ ಪ್ರೊಗೆ 5. ಈ ಅವಧಿ ಕಲ್ಲಿನ ಮೇಲೆ ಕೊರೆದದ್ದಲ್ಲ. 2011ರಲ್ಲಿ ಥಾಯ್ಲೆಂಡಿನ ಪ್ರವಾಹಕ್ಕೆ ಡಿಸ್ಕ್ ಕಾರ್ಖಾನೆಗಳು ಮುಳುಗಿದವು, ಆ ವರ್ಷದ ಕೊನೆಗೇ ಈ ಎರಡೂ ಕಂಪನಿಗಳು ಹಲವು ಮಾದರಿಗಳ ವಾರಂಟಿ ಕಡಿತ ಮಾಡಿದವು. ಆದ್ದರಿಂದ ಕೊಳ್ಳುವ ದಿನ ಏನಿದೆಯೋ ಅದನ್ನು ಬಿಲ್ಲಿನ ಜೊತೆ ಇಟ್ಟುಕೋ. ಜಿಎಸ್‌ಟಿ ಬಿಲ್ಲೇ ಆಗಬೇಕು, ಅದರ ಮೇಲೆ ಸೀರಿಯಲ್ ನಂಬರೂ ಇರಬೇಕು. 'ಬಿಲ್ ಬೇಡ ಅಂದರೆ ಇಷ್ಟು ಕಡಿಮೆ' ಅಂತ ಅಂಗಡಿಯವನು ಹೇಳಿದರೆ ಅಲ್ಲಿಂದ ಎದ್ದು ಬಾ.

ಈಗ ಇನ್ನೊಂದು ಕಾಟ. 2025ರ ಆರಂಭದಲ್ಲಿ ಜರ್ಮನಿಯಲ್ಲಿ ಸೀಗೇಟ್‌ನ ಬಳಸಿದ ಡಿಸ್ಕುಗಳನ್ನು ಹೊಸದೆಂದು ಮಾರಿದ್ದು ಬಯಲಾಯಿತು. ಓಡಿದ ಗಂಟೆಗಳ ಲೆಕ್ಕವನ್ನು ಯಾರೋ ಅಳಿಸಿದ್ದರು. ಡಿಸ್ಕಿನೊಳಗಿನ ಫಾರ್ಮ್ ಎಂಬ ಇನ್ನೊಂದು ದಾಖಲೆಯಲ್ಲಿ ಮಾತ್ರ ಸಾವಿರಾರು ಗಂಟೆ ಹಾಗೇ ಉಳಿದಿತ್ತು. ಅಂಥ ದೇಶದಲ್ಲೇ ಹೀಗಾದ ಮೇಲೆ ನಾವು ಎಷ್ಟು ಹುಷಾರಾಗಿದ್ದರೂ ಕಡಿಮೆಯೇ.

ಇಷ್ಟೆಲ್ಲ ನೋಡಿ ಕೊಂಡರೂ ವಾರಂಟಿ ಕೊಡುವುದು ಡಿಸ್ಕಿಗೆ ಡಿಸ್ಕ್, ಅದೂ ಎಷ್ಟೋ ಸಲ ಸರಿಪಡಿಸಿದ್ದು. ಒಳಗಿದ್ದ ಧಾರೆ, ಅರಿಶಿನ ಶಾಸ್ತ್ರ, ಹೆಣ್ಣೊಪ್ಪಿಸುವಾಗ ಅತ್ತ ಅಪ್ಪನ ಮುಖ, ಇವನ್ನು ಯಾರೂ ವಾಪಸು ಕೊಡುವುದಿಲ್ಲ. ಎರಡು ಡಿಸ್ಕ್ ತಗೊಂಡರೆ ಎರಡರಲ್ಲೂ ಅದೇ ಫೋಟೊ ಇರಲಿ, ಒಂದು ಸ್ಟುಡಿಯೊದಲ್ಲಿ, ಒಂದು ಮನೆಯಲ್ಲಿ. ಇನ್ನೊಂದು ಮಾತು ಯಾರೂ ಹೇಳುವುದಿಲ್ಲ: ಕೆಟ್ಟ ಡಿಸ್ಕನ್ನು ವಾರಂಟಿಗೆ ಕಳಿಸುವಾಗ ಒಳಗಿನದ್ದನ್ನು ಅಳಿಸಲು ಎಷ್ಟೋ ಸಲ ಆಗುವುದಿಲ್ಲ, ಪರರ ಮನೆ ಹೆಣ್ಣುಮಕ್ಕಳ ಫೋಟೊ ಸಮೇತ ಹೋಗುತ್ತದೆ. ಅದಕ್ಕೇ ಮೊದಲ ದಿನವೇ ಒಳಗಿನದ್ದಕ್ಕೆ ಬೀಗ ಹಾಕುವ ಬಿಟ್‌ಲಾಕರ್ ಹಾಕು, ಅದರ ಕೀಲಿಯನ್ನು ಬರೆದಿಡು.

ಶನಿವಾರ ಕೊಳ್ಳಲು ಹೋದಾಗ ಎರಡೂ ಲೇಬಲ್ಲಿನ ಫೋಟೊ ನನಗೆ ಕಳಿಸು. ನಾನು ನೋಡಿ ಹೂಂ ಅನ್ನುವವರೆಗೆ ಪರ್ಸ್ ತೆಗೆಯಬೇಡ.

ನಿನ್ನ ದೊಡ್ಡಪ್ಪ