ಪುಣೆಯ ಚಳಿಗೆ ಕೊಳದ ನೀರು ಕಾಯಿಸುವುದು

ಪ್ರಶ್ನೆ: ಕೋಥ್ರೂಡ್‌ನಲ್ಲಿ ಈಜು ತರಬೇತಿ ಕೇಂದ್ರ ನಡೆಸುತ್ತೇನೆ. ತೆರೆದ ಕೊಳ, 3 ಲಕ್ಷ ಲೀಟರ್. ಡಿಸೆಂಬರ್ ಬಂತೆಂದರೆ ಮಕ್ಕಳು ನೀರಿಗಿಳಿಯುವುದಿಲ್ಲ. ಸೋಲಾರ್, ಹೀಟ್ ಪಂಪ್, ಗ್ಯಾಸ್ ಬಾಯ್ಲರ್ – ಯಾವುದು ಹಾಕಿಸಲಿ?

ಉತ್ತರ: ಯಂತ್ರಕ್ಕೆ ಮೊದಲು ಹೊದಿಕೆ ಕೊಳ್ಳಿ ಸರ್. ತೆರೆದ ಕೊಳದ ಶಾಖ ಹೆಚ್ಚಾಗಿ ಹೋಗುವುದು ಆವಿಯಾಗಿಯೇ. ಪುಣೆಯ ಜನವರಿಯಲ್ಲಿ ಮಧ್ಯಾಹ್ನ 30 ಡಿಗ್ರಿಯ ಹತ್ತಿರ, ಬೆಳಗಿನ ಜಾವ 10ರ ಆಸುಪಾಸು, ಗಾಳಿಯೂ ಒಣ. ರಾತ್ರಿ ಹೊದಿಸದ ಕೊಳಕ್ಕೆ ಎಂಥ ಹೀಟರ್ ಹಾಕಿದರೂ ದುಡ್ಡು ಆವಿಯಾಗುತ್ತದೆ.

ನಿಮ್ಮ ನೀರನ್ನು 1 ಡಿಗ್ರಿ ಏರಿಸಲು ಸುಮಾರು 350 ಯೂನಿಟ್ ಶಾಖ ಬೇಕು. ಹೀಟ್ ಪಂಪ್ ಹೊರಗಿನ ಗಾಳಿಯ ಶಾಖವನ್ನೇ ಎತ್ತಿ ನೀರಿಗೆ ಕೊಡುವುದರಿಂದ ಇಷ್ಟನ್ನು 70–90 ಯೂನಿಟ್ ಕರೆಂಟಿನಲ್ಲಿ ಮುಗಿಸಬಲ್ಲದು. ಗಾಳಿ ಬೆಚ್ಚಗಿದ್ದಷ್ಟೂ ಉಳಿತಾಯ ಹೆಚ್ಚು. ಆದ್ದರಿಂದ ಮಧ್ಯಾಹ್ನ ಓಡಿಸಿ, ಸಂಜೆಯ ಕೊನೆಯ ತಂಡ ಮೇಲೆದ್ದ ಕೂಡಲೇ ಹೊದಿಸಿ. ನನ್ನ ಆಯ್ಕೆ ಇದೇ. ನೀರು ತಾಗುವ ಸುರುಳಿ ಮಾತ್ರ ಟೈಟಾನಿಯಂನದೇ ಇರಲಿ. ಕ್ಲೋರಿನ್ ತಾಮ್ರವನ್ನು ತಿಂದುಹಾಕುತ್ತದೆ.

ಸೋಲಾರ್‌ಗೆ ಕೊಳದ ಅರ್ಧದಿಂದ ಪೂರ್ತಿ ವಿಸ್ತೀರ್ಣದಷ್ಟು ಮಾಳಿಗೆ ಬೇಕು, ಮಳೆಗಾಲದಲ್ಲಿ ಅದನ್ನು ನೆಚ್ಚುವಂತಿಲ್ಲ. ಜಾಗವಿದ್ದರೆ ಹೀಟ್ ಪಂಪಿಗೆ ಜೊತೆ ಮಾಡಿ. ಗ್ಯಾಸ್ ಬೇಗ ಕಾಯಿಸುತ್ತದೆ, ನಿಜ. ಪ್ರತಿದಿನ ಉರಿಸುವವರಿಗೆ ಬಿಲ್ಲು ಭಾರ.

ಸ್ಪರ್ಧೆಯ ಕೊಳಗಳಿಗೆ 25ರಿಂದ 28 ಡಿಗ್ರಿ ಸಾಕು. ಪುಟ್ಟ ಮಕ್ಕಳು ಕಲಿಯುವ ನಿಮ್ಮಲ್ಲಿ 29–30 ಇರಲಿ, ನಡುಗುವ ಮಗು ಈಜು ಕಲಿಯದು. ಕೊಟೇಶನ್ ಕೇಳುವಾಗ, ಗಾಳಿ 15 ಡಿಗ್ರಿ ಇದ್ದಾಗ ಯಂತ್ರ ಎಷ್ಟು ಶಾಖ ಕೊಡುತ್ತದೆಂದು ಬರೆಸಿಕೊಳ್ಳಿ.