ಜಾಲತಾಣದ ಸರ್ವರ್ ಆಗಾಗ ಸ್ಥಗಿತಗೊಳ್ಳುವುದೇಕೆ? ದೊಡ್ಡ ಸರ್ವರ್‌ಗೆ ಅನುಮೋದನೆ ನೀಡುವ ಮುನ್ನ ಸದಸ್ಯರು ಪರಿಶೀಲಿಸಬೇಕಾದ ಅಂಶಗಳು



ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಬೀದಿದೀಪ, ಚರಂಡಿ ಹಾಗೂ ಕೊಳವೆಬಾವಿಯ ಮೋಟಾರು ದುರಸ್ತಿಗಳ ಜೊತೆಗೆ ಕೆಲವು ಪಂಚಾಯಿತಿಗಳಲ್ಲಿ ಈಗ ಜಾಲತಾಣದ ವೆಚ್ಚವೂ ಸೇರಿಕೊಂಡಿದೆ. ಪಂಚತಂತ್ರ ಮತ್ತು ಇ-ಸ್ವತ್ತು ತಂತ್ರಾಂಶಗಳನ್ನು ರಾಜ್ಯ ಮಟ್ಟದಲ್ಲಿಯೇ ನಿರ್ವಹಿಸಲಾಗುತ್ತಿದ್ದು, ಅವು ಈ ಪಾಠದ ವ್ಯಾಪ್ತಿಗೆ ಬರುವುದಿಲ್ಲ. ಪಂಚಾಯಿತಿಯೇ ಬಾಡಿಗೆಗೆ ಪಡೆದು ನಡೆಸುವ ಸಣ್ಣ ಜಾಲತಾಣವೊಂದು ಕೆಲವು ದಿನ ಸರಾಗವಾಗಿ ನಡೆದು, ಕೆಲವು ದಿನ ತೆರೆಯದೇ ಇದ್ದರೆ ಅದರ ಕಾರಣವನ್ನು ಹೇಗೆ ಪತ್ತೆಹಚ್ಚಬೇಕು ಎಂಬುದೇ ಇಲ್ಲಿನ ವಿಷಯ. ಸದಸ್ಯರು ಗಣಕಯಂತ್ರ ತಜ್ಞರಾಗಬೇಕೆಂಬ ಅಪೇಕ್ಷೆ ಇಲ್ಲ. ಆದರೆ ಹಣಕ್ಕೆ ಅನುಮೋದನೆ ನೀಡುವವರು ಸರಿಯಾದ ಪ್ರಶ್ನೆ ಕೇಳಬಲ್ಲವರಾಗಿರಬೇಕು.

1. ಪ್ರಕರಣ

ನಾನು ಕಾರ್ಯನಿರ್ವಹಿಸಿದ ಪಂಚಾಯಿತಿಯೊಂದರ ಜಾಲತಾಣದಲ್ಲಿ ತೆರಿಗೆ ಬೇಡಿಕೆ ಪಟ್ಟಿ, ನೀರು ಬಿಡುವ ವೇಳಾಪಟ್ಟಿ, ಗ್ರಾಮಸಭೆಯ ತಿಳಿವಳಿಕೆ ಪತ್ರ ಹಾಗೂ ಸಭಾ ನಡವಳಿಗಳನ್ನು ಪ್ರಕಟಿಸಲಾಗುತ್ತಿತ್ತು. ಎರಡು ವರ್ಷ ಯಾವ ದೂರೂ ಇರಲಿಲ್ಲ. ನಂತರ ಕೆಲವು ದಿನ ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನದವರೆಗೆ ಪುಟಗಳು ತೆರೆಯದಾದವು. ಸಂಜೆಯ ವೇಳೆಗೆ ಎಲ್ಲವೂ ತಾನಾಗಿಯೇ ಸರಿಹೋಗುತ್ತಿತ್ತು. ಸೇವಾ ಪೂರೈಕೆದಾರರ ತಂತ್ರಜ್ಞರು ಪರಿಶೀಲಿಸುವ ಹೊತ್ತಿಗೆ ದೋಷವೇ ಕಾಣುತ್ತಿರಲಿಲ್ಲ. ದೂರದ ಮಜರೆಯ ವೃದ್ಧರೊಬ್ಬರು, ಮೊಬೈಲಿನಲ್ಲಿ ಬೇಡಿಕೆಯ ಮೊತ್ತ ಕಾಣಲಿಲ್ಲವೆಂದು ಒಂದು ದಿನದ ಕೂಲಿ ಬಿಟ್ಟು ಕಚೇರಿಗೆ ಬಂದರು. ಕಚೇರಿಯ ಗಣಕಯಂತ್ರದಲ್ಲಿಯೂ ಅದು ತೆರೆಯಲಿಲ್ಲ. ಕೊನೆಗೆ ಕರ ವಸೂಲಿಗಾರರು ವಹಿ ನೋಡಿ ಮೊತ್ತ ತಿಳಿಸಬೇಕಾಯಿತು.

ಪೂರೈಕೆದಾರರು ಎರಡು ಪಟ್ಟು ಸಾಮರ್ಥ್ಯದ ಸರ್ವರ್ ಪಡೆಯುವಂತೆ ಪ್ರಸ್ತಾವನೆ ಸಲ್ಲಿಸಿದರು. ವೆಚ್ಚವನ್ನು ಸ್ವಂತ ಸಂಪನ್ಮೂಲದಿಂದ ಪ್ರತಿ ವರ್ಷವೂ ಭರಿಸಬೇಕಿತ್ತು. ಸಭೆಯಲ್ಲಿ ನಾನು ಅದನ್ನು ಓದಿ ಹೇಳಿದಾಗ ಮಹಿಳಾ ಸದಸ್ಯರೊಬ್ಬರು, "ಸಾರ್, ನಲ್ಲೀಲಿ ನೀರು ಬರ್ಲಿಲ್ಲ ಅಂದ್ರೆ ಮೊದ್ಲು ವಾಲ್ವ್ ನೋಡ್ತೀವಿ. ನೇರವಾಗಿ ದೊಡ್ಡ ಟ್ಯಾಂಕ್ ಕಟ್ಸಕ್ಕೆ ಹೋಗ್ತೀವಾ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಸಭೆಯು ವಿಷಯವನ್ನು ಒಂದು ತಿಂಗಳ ಮಟ್ಟಿಗೆ ಮುಂದೂಡಿತು.

2. ವರ್ಚುವಲ್ ಪ್ರೈವೇಟ್ ಸರ್ವರ್ ಎಂದರೇನು?

ಪಂಚಾಯಿತಿಯು ಕಟ್ಟಿಸಿ ಬಾಡಿಗೆಗೆ ಕೊಡುವ ವಾಣಿಜ್ಯ ಮಳಿಗೆಗಳನ್ನು ನೆನಪಿಸಿಕೊಳ್ಳಿ. ಕಟ್ಟಡ ಒಂದೇ. ಆದರೆ ಪ್ರತಿ ಮಳಿಗೆಗೂ ಪ್ರತ್ಯೇಕ ಬಾಗಿಲು, ಪ್ರತ್ಯೇಕ ಬೀಗ. ಅದೇ ರೀತಿ ಒಂದು ದೊಡ್ಡ ಗಣಕಯಂತ್ರವನ್ನು ತಂತ್ರಾಂಶದ ಮೂಲಕ ಹಲವು ಭಾಗಗಳನ್ನಾಗಿ ವಿಂಗಡಿಸಿ ಬಾಡಿಗೆಗೆ ನೀಡುತ್ತಾರೆ. ಅಂತಹ ಒಂದು ಭಾಗವೇ ವರ್ಚುವಲ್ ಪ್ರೈವೇಟ್ ಸರ್ವರ್. ನಮ್ಮ ಕಡತಗಳನ್ನು ನೆರೆಯ ಬಾಡಿಗೆದಾರರು ನೋಡಲಾರರು. ಆದರೆ ಕಟ್ಟಡದ ಸಂಪು ಮತ್ತು ಮೋಟಾರು ಎಲ್ಲ ಮಳಿಗೆಗಳಿಗೂ ಸೇರಿರುವಂತೆ, ಪ್ರೊಸೆಸರ್ ಮತ್ತು ಡಿಸ್ಕ್‌ಗಳನ್ನು ಸಾಮಾನ್ಯವಾಗಿ ಎಲ್ಲ ಬಾಡಿಗೆದಾರರೂ ಹಂಚಿಕೊಂಡಿರುತ್ತಾರೆ. ಆದುದರಿಂದ ದೋಷವು ನಮ್ಮ ಮಳಿಗೆಯೊಳಗೂ ಇರಬಹುದು, ಕಟ್ಟಡದಲ್ಲಿಯೂ ಇರಬಹುದು. ಇವೆರಡನ್ನು ಬೇರ್ಪಡಿಸಿ ನೋಡುವುದು ಪರಿಶೀಲನೆಯ ಮೊದಲ ಕರ್ತವ್ಯ.

3. ಲೋಡ್ ಎಂಬ ಅಂಕಿಯನ್ನು ಓದುವ ವಿಧಾನ

ಲಿನಕ್ಸ್ ಸರ್ವರ್‌ನಲ್ಲಿ 'ಅಪ್‌ಟೈಮ್' ಎಂಬ ಆದೇಶ ನೀಡಿದರೆ ಕೊನೆಯಲ್ಲಿ ಮೂರು ಅಂಕಿಗಳು ಕಾಣುತ್ತವೆ. ಅವು ಕ್ರಮವಾಗಿ ಕಳೆದ 1, 5 ಮತ್ತು 15 ನಿಮಿಷಗಳ ಸರಾಸರಿ ಲೋಡ್. ಮೊದಲನೆಯದು ಮೂರನೆಯದಕ್ಕಿಂತ ಹೆಚ್ಚಿದ್ದರೆ ಒತ್ತಡ ಏರುತ್ತಿದೆ ಎಂದೂ, ಕಡಿಮೆ ಇದ್ದರೆ ಇಳಿಯುತ್ತಿದೆ ಎಂದೂ ತಿಳಿಯಬೇಕು.

ಲೋಡ್ ಎಂದರೆ ಕೆಲಸ ನಡೆಯುತ್ತಿರುವವರು ಮತ್ತು ಸರದಿಯಲ್ಲಿ ಕಾಯುತ್ತಿರುವವರು ಸೇರಿದ ಒಟ್ಟು ಸಂಖ್ಯೆ. ಬಾಪೂಜಿ ಸೇವಾ ಕೇಂದ್ರದಲ್ಲಿ ಎರಡು ಕೌಂಟರ್‌ಗಳಿವೆ ಎಂದು ಭಾವಿಸೋಣ. ಇಬ್ಬರು ಅರ್ಜಿದಾರರಿದ್ದರೆ ಎರಡೂ ಕೌಂಟರ್‌ಗಳಲ್ಲಿ ಕೆಲಸ ನಡೆಯುತ್ತದೆ, ಯಾರೂ ಕಾಯಬೇಕಿಲ್ಲ. ಹನ್ನೆರಡು ಮಂದಿ ಇದ್ದರೆ ಹತ್ತು ಮಂದಿ ಕಾಯುತ್ತಿರುತ್ತಾರೆ. ಎರಡು ಕೋರ್‌ಗಳ ಸರ್ವರ್‌ನಲ್ಲಿ ಲೋಡ್ 2 ಎಂಬುದು ಪೂರ್ಣ ಬಳಕೆ. ಅದು ಬಹಳ ಹೊತ್ತು 12ರಲ್ಲಿಯೇ ನಿಂತರೆ ತೊಂದರೆ ಇದೆ ಎಂದರ್ಥ. ಕೋರ್‌ಗಳ ಸಂಖ್ಯೆ ತಿಳಿಯದೆ ಲೋಡ್ ಹೆಚ್ಚೋ ಕಡಿಮೆಯೋ ಎಂದು ಹೇಳಲಾಗದು.

ಇಲ್ಲಿ ಒಂದು ಸೂಕ್ಷ್ಮವಿದೆ. 1993ರಿಂದ ಲಿನಕ್ಸ್‌ನಲ್ಲಿ, ಡಿಸ್ಕ್‌ನಿಂದ ಮಾಹಿತಿ ಬರಲೆಂದು ಕಾಯುತ್ತಿರುವ ಕೆಲಸಗಳನ್ನೂ ಲೋಡ್‌ನಲ್ಲಿ ಎಣಿಸಲಾಗುತ್ತಿದೆ. ದಾಖಲೆ ಕೊಠಡಿಯಿಂದ ಕಡತ ಬಾರದಿದ್ದರೆ ಕೌಂಟರ್‌ನ ಸಿಬ್ಬಂದಿ ಕೈಕಟ್ಟಿ ಕುಳಿತಿರುತ್ತಾರೆ, ಆದರೂ ಸರದಿ ಬೆಳೆಯುತ್ತಲೇ ಇರುತ್ತದೆ. ಹಾಗಾಗಿ ಪ್ರೊಸೆಸರ್ ಬಹುಪಾಲು ಬಿಡುವಾಗಿದ್ದರೂ ಲೋಡ್ ಅಧಿಕವಾಗಿರಬಹುದು. ಅಂತಹ ಸಂದರ್ಭದಲ್ಲಿ ಇನ್ನೆರಡು ಕೌಂಟರ್ ತೆರೆದು ಪ್ರಯೋಜನವಿಲ್ಲ.

4. ಲಕ್ಷಣದಿಂದ ಕಾರಣವನ್ನು ಗುರುತಿಸುವುದು

ತೊಂದರೆ ನಡೆಯುತ್ತಿರುವಾಗಲೇ 'ಟಾಪ್' ಎಂಬ ಆದೇಶ ನೀಡಿದರೆ ಪ್ರೊಸೆಸರ್‌ನ ವೇಳೆ ಹೇಗೆ ವ್ಯಯವಾಗುತ್ತಿದೆ ಎಂಬುದು ಶೇಕಡಾವಾರು ಕಾಣುತ್ತದೆ. ಮುಖ್ಯವಾಗಿ ನಾಲ್ಕು ಲಕ್ಷಣಗಳನ್ನು ಗಮನಿಸಬೇಕು.

ಅ) ಪ್ರೊಸೆಸರ್ ನಮ್ಮದೇ ತಂತ್ರಾಂಶದ ಕೆಲಸದಲ್ಲಿ ಪೂರ್ತಿ ತೊಡಗಿದ್ದರೆ: ಸಂದರ್ಶಕರು ಹೆಚ್ಚಿರಬಹುದು, ಹುಡುಕು ಯಂತ್ರಗಳ ಬಾಟ್‌ಗಳು ಪುಟಗಳನ್ನು ಒಂದೇ ಸಮನೆ ಕೇಳುತ್ತಿರಬಹುದು, ಅಥವಾ ಪಾಸ್‌ವರ್ಡ್ ಊಹಿಸುವ ದುಷ್ಟ ಪ್ರಯತ್ನ ನಡೆಯುತ್ತಿರಬಹುದು. ಯಾವ ವಿಳಾಸದಿಂದ ಎಷ್ಟು ಕೋರಿಕೆ ಬಂದಿದೆ ಎಂಬುದು ವೆಬ್ ಸರ್ವರ್‌ನ ಆಕ್ಸೆಸ್ ಲಾಗ್‌ನಲ್ಲಿ ದೊರೆಯುತ್ತದೆ. ದತ್ತಾಂಶ ಕೋಷ್ಟಕಕ್ಕೆ ಸೂಚಿ ಇಲ್ಲದೆ ಪ್ರತಿ ಹುಡುಕಾಟಕ್ಕೂ ಇಡೀ ಪಟ್ಟಿಯನ್ನು ಓದಬೇಕಾಗಿ ಬಂದರೂ ಇದೇ ಲಕ್ಷಣ ಕಾಣಬಹುದು.

ಆ) ಡಿಸ್ಕ್‌ಗಾಗಿ ಕಾಯುವ ಪ್ರಮಾಣ ಹೆಚ್ಚಿದ್ದರೆ: ಯಾವುದೋ ಕೆಲಸ ಭಾರಿ ಪ್ರಮಾಣದಲ್ಲಿ ಡಿಸ್ಕ್ ಓದುತ್ತಿದೆ ಅಥವಾ ಬರೆಯುತ್ತಿದೆ.

ಇ) ಮೆಮೊರಿ ತುಂಬಿ, ಸ್ವಾಪ್ ಎಂಬ ಡಿಸ್ಕ್‌ನ ಭಾಗ ಸತತವಾಗಿ ಬಳಕೆಯಾಗುತ್ತಿದ್ದರೆ: ವೆಬ್ ಸರ್ವರ್ ಏಕಕಾಲಕ್ಕೆ ಆರಂಭಿಸುವ ಕೆಲಸಗಳ ಮಿತಿಯು ಇರುವ ಮೆಮೊರಿಗೆ ಹೊಂದಿಕೆಯಾಗಿಲ್ಲ. ಮಿತಿಯನ್ನು ತಗ್ಗಿಸಬೇಕು. ಅದು ಸಾಲದಿದ್ದರೆ ಮಾತ್ರ ಮೆಮೊರಿ ಹೆಚ್ಚಿಸಬೇಕು.

ಈ) 'ಸ್ಟೀಲ್' ಎಂಬ ಅಂಕಿ ಹೆಚ್ಚಿದ್ದರೆ: ನಮ್ಮ ಸರ್ವರ್ ಕೆಲಸಕ್ಕೆ ಸಿದ್ಧವಿದ್ದರೂ ಕೆಳಗಿನ ಯಂತ್ರವು ಆ ವೇಳೆಯನ್ನು ಬೇರೆಡೆಗೆ ನೀಡುತ್ತಿದೆ. ದೋಷ ಕಟ್ಟಡದ್ದು. ದಾಖಲೆ ಸಹಿತ ಪೂರೈಕೆದಾರರಿಗೆ ಬರೆದು, ಬೇರೆ ಯಂತ್ರಕ್ಕೆ ವರ್ಗಾಯಿಸುವಂತೆ ಕೋರಬೇಕು.

5. ನಾವು ನಡೆಸಿದ ಪರಿಶೀಲನೆ

ನನ್ನ ಮೊದಲ ತೀರ್ಮಾನವೇ ತಪ್ಪಾಗಿತ್ತು. ಆಕ್ಸೆಸ್ ಲಾಗ್‌ನಲ್ಲಿ ಬಾಟ್‌ಗಳ ಕೋರಿಕೆಗಳು ಹೇರಳವಾಗಿ ಕಂಡವು. ಇಂಜಿನಿಯರಿಂಗ್ ಓದಿದವನೆಂಬ ಅಭಿಮಾನದಿಂದ ಅದೇ ಕಾರಣವೆಂದು ನಿಶ್ಚಯಿಸಿ, ಅವುಗಳನ್ನು ತಡೆದು, ಅಧ್ಯಕ್ಷರಿಗೆ ಸಮಸ್ಯೆ ಬಗೆಹರಿಯಿತೆಂದು ತಿಳಿಸಿದೆ. ನಾಲ್ಕನೆಯ ದಿನ ಜಾಲತಾಣ ಮತ್ತೆ ನಿಂತಿತು. ಬಾಟ್‌ಗಳು ಇದ್ದದ್ದು ನಿಜ. ಆದರೆ ಅವು ಜಾಲತಾಣ ಸರಾಗವಾಗಿದ್ದ ದಿನಗಳಲ್ಲಿಯೂ ಅಷ್ಟೇ ಸಂಖ್ಯೆಯಲ್ಲಿ ಬಂದಿದ್ದವು. ಕೆಟ್ಟ ದಿನದ ದಾಖಲೆಯನ್ನು ಒಳ್ಳೆಯ ದಿನದ ದಾಖಲೆಯೊಂದಿಗೆ ಹೋಲಿಸದೆ ಕಾರಣವನ್ನು ನಿರ್ಧರಿಸಬಾರದು ಎಂಬ ಪಾಠ ಅಲ್ಲಿ ದೊರೆಯಿತು.

ಬಿಟ್ಟು ಬಿಟ್ಟು ಬರುವ ದೋಷವು ನಾವು ನೋಡುವಾಗಲೇ ಬರುತ್ತದೆಂಬ ಭರವಸೆಯಿಲ್ಲ. ನೀರುಗಂಟಿಯು ಪ್ರತಿ ದಿನ ಟ್ಯಾಂಕಿನ ಮಟ್ಟವನ್ನು ವಹಿಯಲ್ಲಿ ಬರೆದಿಡುವಂತೆ, ಸರ್ವರ್ ತನ್ನ ಸ್ಥಿತಿಯನ್ನು ತಾನೇ ಬರೆದಿಡುವ ವ್ಯವಸ್ಥೆ ಬೇಕು. ಇದಕ್ಕಾಗಿ 'ಸಿಸ್‌ಸ್ಟ್ಯಾಟ್' ಎಂಬ ಉಚಿತ ತಂತ್ರಾಂಶವಿದೆ. ಅದು ರೂಢಿಯಂತೆ ಹತ್ತು ನಿಮಿಷಕ್ಕೊಮ್ಮೆ ದಾಖಲಿಸುತ್ತದೆ. ಅದರ ಜೊತೆಗೆ ಪ್ರತಿ ನಿಮಿಷವೂ ಲೋಡ್, ಮೆಮೊರಿ ಹಾಗೂ ಆ ಕ್ಷಣದಲ್ಲಿ ಕಾಯುತ್ತಿರುವ ಕೆಲಸಗಳ ಹೆಸರನ್ನು ಒಂದು ಕಡತಕ್ಕೆ ಬರೆಯುವ ಸಣ್ಣ ಆದೇಶವನ್ನೂ ಅಳವಡಿಸಿದೆವು.

ಮುಂದಿನ ವಾರ ಗ್ರಾಮಸಭೆಯ ತಿಳಿವಳಿಕೆ ಪತ್ರ ಪ್ರಕಟವಾದ ದಿನ ಜಾಲತಾಣ ನಿಂತಿತು. ಈ ಬಾರಿ ದಾಖಲೆ ನಮ್ಮ ಕೈಯಲ್ಲಿತ್ತು. ಲೋಡ್ ಏರಿದ್ದಾಗ ಪ್ರೊಸೆಸರ್ ಅಲ್ಪವೇ ಬಳಕೆಯಲ್ಲಿತ್ತು, ಸ್ಟೀಲ್ ಅಂಕಿ ನಗಣ್ಯವಾಗಿತ್ತು, ಮೆಮೊರಿ ಉಳಿದಿತ್ತು. ಡಿಸ್ಕ್‌ಗಾಗಿ ಕಾಯುವಿಕೆ ಮಾತ್ರ ವಿಪರೀತವಾಗಿತ್ತು. ಕಾಯುತ್ತಿದ್ದ ಕೆಲಸಗಳ ಪಟ್ಟಿಯಲ್ಲಿ ಕಡತಗಳ ನಕಲು ಪ್ರತಿ ತೆಗೆಯುವ ಕೆಲಸದ ಹೆಸರು ಮೂರು ಬಾರಿ ಇತ್ತು. ಒಂದೇ ಬಾರಿ ಇರಬೇಕಾಗಿದ್ದ ಕೆಲಸವದು.

ಹಿಂದೊಮ್ಮೆ ಕೆಲವು ಕಡತಗಳು ಅಳಿಸಿಹೋಗಿದ್ದರಿಂದ, ಪ್ರತಿ ಗಂಟೆಗೊಮ್ಮೆ ಎಲ್ಲ ಕಡತಗಳ ನಕಲು ತೆಗೆಯಬೇಕೆಂದು ಸೂಚಿಸಲಾಗಿತ್ತು. ಆ ಸೂಚನೆಗೆ ಸಹಿ ಮಾಡಿದವನು ನಾನೇ. ಆಗ ಅದು ಕೆಲವೇ ನಿಮಿಷಗಳ ಕೆಲಸವಾಗಿತ್ತು. ಎರಡು ವರ್ಷಗಳಲ್ಲಿ ಸ್ಕ್ಯಾನ್ ಮಾಡಿದ ನಡವಳಿಗಳು, ಕಾಮಗಾರಿಗಳ ಛಾಯಾಚಿತ್ರಗಳು ಸೇರಿ ಅದು ಮುಕ್ಕಾಲು ಗಂಟೆಯಷ್ಟು ಬೆಳೆದಿತ್ತು. ಸಾಮಾನ್ಯ ದಿನಗಳಲ್ಲಿ ಗಂಟೆ ತುಂಬುವುದರೊಳಗೆ ಮುಗಿಯುತ್ತಿತ್ತು. ಜನರು ಹೆಚ್ಚಾಗಿ ಜಾಲತಾಣ ನೋಡುವ ದಿನ ಡಿಸ್ಕ್ ನಿಧಾನವಾಗಿ, ಒಂದು ನಕಲು ಮುಗಿಯುವ ಮೊದಲೇ ಮತ್ತೊಂದು ಆರಂಭವಾಗುತ್ತಿತ್ತು. ಎರಡೂ ಒಂದನ್ನೊಂದು ತಡೆಯುವಷ್ಟರಲ್ಲಿ ಮೂರನೆಯದು ಬಂದು ಸೇರುತ್ತಿತ್ತು. ಸಂಜೆ ಜನ ಕಡಿಮೆಯಾದಾಗ ಎಲ್ಲವೂ ಮುಗಿದು ಸರ್ವರ್ ಹಗುರಾಗುತ್ತಿತ್ತು.

ಜನರ ಭೇಟಿಯಾಗಲೀ ನಕಲಿನ ಕೆಲಸವಾಗಲೀ ಬಿಡಿಯಾಗಿ ಹಾನಿಕರವಾಗಿರಲಿಲ್ಲ. ಎರಡೂ ಒಂದೇ ಹೊತ್ತಿಗೆ ಕೂಡಿದ ದಿನ ಮಾತ್ರ ಜಾಲತಾಣ ನಿಲ್ಲುತ್ತಿತ್ತು. ಪೀಡೆ ಆಗಾಗ ಬಂದು ಹೋಗುತ್ತಿದ್ದುದರ ಗುಟ್ಟು ಇದು. ಜನರಿಗೆ ಜಾಲತಾಣ ಅತ್ಯಂತ ಅಗತ್ಯವಾಗಿದ್ದ ದಿನವೇ ಅದು ಅವರಿಗೆ ಸಿಗದಂತಾಗಿದ್ದುದೂ ಇದೇ ಕಾರಣಕ್ಕೆ.

6. ಕೈಗೊಂಡ ಕ್ರಮಗಳು

ಅ) ಪೂರ್ಣ ನಕಲಿನ ಕೆಲಸವನ್ನು ರಾತ್ರಿ 2 ಗಂಟೆಗೆ ವರ್ಗಾಯಿಸಲಾಯಿತು. ಹಗಲಿನಲ್ಲಿ ಬದಲಾದ ಕಡತಗಳನ್ನು ಮಾತ್ರ ನಕಲು ಮಾಡಲಾಗುತ್ತದೆ.

ಆ) 'ಎಫ್‌ಲಾಕ್' ಎಂಬ ಆದೇಶದ ಮೂಲಕ, ಒಂದು ನಕಲು ನಡೆಯುತ್ತಿರುವಾಗ ಮತ್ತೊಂದು ಆರಂಭವಾಗದಂತೆ ಬೀಗ ಹಾಕಲಾಯಿತು.

ಇ) ನಕಲನ್ನು ಅದೇ ಡಿಸ್ಕ್‌ನಲ್ಲಿ ಇರಿಸುವ ಬದಲು ಬೇರೆಡೆ ಸಂಗ್ರಹಿಸಲಾಯಿತು. ಮೂಲ ಮತ್ತು ನಕಲು ಒಂದೇ ಬೀರುವಿನಲ್ಲಿದ್ದರೆ, ಬೀರು ಹೋದ ದಿನ ಎರಡೂ ಹೋಗುತ್ತವೆ.

ಈ) ಒಂದು ಬದಲಾವಣೆಯ ಪರಿಣಾಮ ಕಂಡ ನಂತರವೇ ಮುಂದಿನದನ್ನು ಮಾಡಲಾಯಿತು. ಎಲ್ಲವನ್ನೂ ಒಮ್ಮೆಲೇ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ.

ನಂತರದ ಗ್ರಾಮಸಭೆಯ ತಿಳಿವಳಿಕೆ ಪತ್ರ ಪ್ರಕಟವಾದ ದಿನವೂ ಜಾಲತಾಣ ನಿಲ್ಲಲಿಲ್ಲ. ದೊಡ್ಡ ಸರ್ವರ್‌ನ ಪ್ರಸ್ತಾವನೆಯನ್ನು ಸಭೆಯು ಕೈಬಿಟ್ಟಿತು. ಅದನ್ನು ಅಂದೇ ಅನುಮೋದಿಸಿದ್ದರೆ ಕೆಲವು ತಿಂಗಳು ತೊಂದರೆ ಮರೆಯಾಗಿರುತ್ತಿತ್ತು. ಕಡತಗಳು ಬೆಳೆದಂತೆ ಅದೇ ದೋಷ ಹೆಚ್ಚಿನ ಬಾಡಿಗೆಯೊಂದಿಗೆ ಮರಳಿ ಬರುತ್ತಿತ್ತು.

7. ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

ಸರ್ವರ್ ಸಾಮರ್ಥ್ಯ ಹೆಚ್ಚಿಸುವ ಪ್ರಸ್ತಾವನೆ ಬಂದಾಗ ಸದಸ್ಯರು ಈ ಕೆಳಗಿನ ಮಾಹಿತಿಯನ್ನು ಲಿಖಿತವಾಗಿ ಕೇಳತಕ್ಕದ್ದು:

1. ತೊಂದರೆ ಯಾವ ದಿನ, ಯಾವ ವೇಳೆಯಲ್ಲಿ ಉಂಟಾಯಿತು? ಆ ವೇಳೆಯ ದಾಖಲೆ ಇದೆಯೇ?
2. ಸರ್ವರ್‌ಗೆ ಎಷ್ಟು ಕೋರ್‌ಗಳಿವೆ, ಆಗ ಲೋಡ್ ಎಷ್ಟಿತ್ತು?
3. ಕೊರತೆ ಇದ್ದದ್ದು ಪ್ರೊಸೆಸರ್‌ಗೋ, ಮೆಮೊರಿಗೋ, ಡಿಸ್ಕ್‌ಗೋ? ಸ್ಟೀಲ್ ಅಂಕಿ ಎಷ್ಟಿತ್ತು?
4. ತೊಂದರೆ ಇಲ್ಲದ ದಿನದ ದಾಖಲೆಯೊಂದಿಗೆ ಹೋಲಿಸಲಾಗಿದೆಯೇ?
5. ಆ ವೇಳೆಯಲ್ಲಿ ನಿಗದಿತ ಕೆಲಸಗಳು ಯಾವುವು ನಡೆಯುತ್ತಿದ್ದವು?
6. ವೆಚ್ಚವಿಲ್ಲದ ಯಾವ ಕ್ರಮಗಳನ್ನು ಕೈಗೊಳ್ಳಲಾಯಿತು, ಫಲಿತಾಂಶವೇನು?

ಇವುಗಳಿಗೆ ಸಮರ್ಪಕ ಉತ್ತರ ದೊರೆತ ನಂತರವೂ ಸಾಮರ್ಥ್ಯ ಸಾಲದೆಂದು ಕಂಡುಬಂದರೆ ಹಿಂಜರಿಯದೆ ಅನುಮೋದನೆ ನೀಡಬಹುದು. ಜನಸಂಖ್ಯೆ ಬೆಳೆದ ಗ್ರಾಮಕ್ಕೆ ದೊಡ್ಡ ಟ್ಯಾಂಕ್ ಬೇಕಾಗುವಂತೆ, ಬಳಕೆ ಬೆಳೆದ ಜಾಲತಾಣಕ್ಕೆ ದೊಡ್ಡ ಸರ್ವರ್ ಬೇಕಾಗುವುದೂ ಉಂಟು. ಆ ಸದಸ್ಯರು ಹೇಳಿದಂತೆ ಮೊದಲು ವಾಲ್ವ್ ನೋಡಬೇಕು. ನೋಡಿದ್ದನ್ನು ನಡವಳಿಯಲ್ಲಿ ದಾಖಲಿಸಬೇಕು. ಉತ್ತರಿಸುವ ಅಧಿಕಾರಿಗೆ ಈ ಪ್ರಶ್ನೆಗಳು ಮುಜುಗರ ತಂದರೂ ಸದಸ್ಯರು ಸಂಕೋಚಪಡಬೇಕಾಗಿಲ್ಲ. ನನಗೆ ಅಂದು ಆದ ಮುಜುಗರವೇ ಪಂಚಾಯಿತಿಯ ಹಣವನ್ನು ಉಳಿಸಿತು.